ಎಡಗಡೆಯ ಗುಂಡಿ

ಚಮಚ ತಟ್ಟೆಗೆ ತಾಗುವ ಸದ್ದು ಕೇಳಿದೊಡನೆ ಅವನಿಗೆ ಮೈಯೆಲ್ಲ ಉರಿಯಿತು. ಗೋಡೆಯಾಚೆ ನಾದಿನಿ ತಿಂಡಿ ತಿನ್ನುತ್ತಿದ್ದಳು. ಒಂದೂವರೆ ತಿಂಗಳಿಂದ ಅವಳು ತಿನ್ನುವುದು ಎಡಗೈಯಲ್ಲಿ. ಎಡಗೈಗೆ ಇನ್ನೂ ಅಳತೆ ಸಿಕ್ಕಿರಲಿಲ್ಲ. ಪ್ರತಿ ತುತ್ತಿಗೂ ಚಮಚ ಮೊದಲು ತಟ್ಟೆಯ ಅಂಚಿಗೆ ಬಡಿದು, ನಡುವಿಗೆ ಜಾರಿ, ಸ್ವಲ್ಪ ತಡಕಾಡಿ ಮೇಲೇಳುತ್ತಿತ್ತು. ಕನ್ನಡಿಯ ಮುಂದೆ ಗಡ್ಡಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದ ಅವನು ಆ ಸದ್ದು ಮುಗಿಯಲೆಂದು ಕಾದ, ಮುಗಿದ ಮೇಲೆ ಮುಂದಿನದಕ್ಕೆ ಕಾದ. ಬೇಕೆಂದೇ ಮಾಡುತ್ತಾಳೆ ಅನ್ನಿಸಿತು. ತನಗೆ ಕೇಳಲಿ ಎಂದೇ ಸ್ಟೀಲಿನ ತಟ್ಟೆ ತೆಗೆದುಕೊಳ್ಳುತ್ತಾಳೆ. ಪ್ಲಾಸ್ಟಿಕ್ಕಿನದು ಕಪಾಟಿನಲ್ಲೇ ಬಿದ್ದಿದೆ. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆ ಹೆಚ್ಚು ಹೊತ್ತು ನಿಲ್ಲಲಿಲ್ಲ, ಉರಿ ನಿಂತಿತು. ಈ ಮನೆಯಲ್ಲಿ ಈಗ ಯಾರೂ ಅವನನ್ನು ಏನೂ ಅನ್ನುತ್ತಿರಲಿಲ್ಲ, ಅದನ್ನೇ ಅವನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮೊದಲು ಮೂರು ಸಲ ಕೂಗಿ ಎಬ್ಬಿಸುತ್ತಿದ್ದ ಹೆಂಡತಿ ಈಗ ಒಂದೇ ಸಲ ಕರೆದು ಸುಮ್ಮನಾಗುತ್ತಿದ್ದಳು. ಅವನು ಕೋಣೆಗೆ ಬಂದರೆ ನಾದಿನಿ ಬ್ಯಾಂಡೇಜಿನ ಕೈಯನ್ನು ಮಡಿಲಿನಿಂದ ತೆಗೆದು ಮೇಜಿನ ಮೇಲಿಡುತ್ತಿದ್ದಳು. ಮುಚ್ಚಿಡುವುದು ಬಿಟ್ಟು ಮೇಜಿನ ಮೇಲೆ. ಎತ್ತರದಲ್ಲಿಡಿ ಅಂತ ಡಾಕ್ಟರು ಹೇಳಿದ್ದಾರಂತೆ.

"ರೀ, ವಕೀಲರು ಹತ್ತಕ್ಕೆ ಬನ್ನಿ ಅಂದಿದಾರೆ," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. ಅವಳು ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ಅವಳ ಕೈಗೆ ಬಂದ ಕಷ್ಟವೆಲ್ಲ ಪಟ್ಟಿಯಾಗುತ್ತಿತ್ತು. ವಕೀಲರನ್ನು ಹೇಗೆ ಆರಿಸಬೇಕೆಂದು ಎರಡು ವಾರ ಕಂಡಕಂಡವರನ್ನೆಲ್ಲ ಕೇಳಿ, ಇನ್ನೂರು ಪುಟದ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಅಂಕಿ ಹಾಕಿ ಪ್ರಶ್ನೆಗಳನ್ನು ಬರೆದುಕೊಂಡಿದ್ದಳು. ಆ ನೋಟ್‌ಬುಕ್ಕಿನ ಅಂಚು ಪ್ರೆಸ್ಸಿನಲ್ಲಿ ಕತ್ತರಿಸಿದವನು ತಾನೇ ಎಂಬುದು ಅವನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. "ಇಂಥ ಕೇಸು ಎಷ್ಟು ನಡೆಸಿದೀರ. ಫೈಲು ನೋಡೋದು ನೀವೋ, ಬೇರೆಯೋರೋ. ಕೋರ್ಟಿಗೆ ಹೋಗ್ತೀರೋ, ಮೊದಲೇ ರಾಜಿ ಮಾಡಿಸ್ತೀರೋ. ಸೋತರೆ ಖರ್ಚು ಯಾರ ತಲೆ ಮೇಲೆ," ಎಂದು ಅವಳು ಕನ್ನಡಿಯಲ್ಲಿದ್ದ ಅವನ ಮುಖಕ್ಕೆ ಓದಿ ಹೇಳಿದಳು. "ಹನ್ನೊಂದು ಆಗಿದಾವೆ. ನಿಮ್ಮದೇನಾದ್ರೂ ಇದ್ರೆ ಹೇಳಿ, ಸೇರಿಸ್ತೀನಿ."

"ನಂದೇನಿರತ್ತೆ."

"ಮಿಷನ್ ಗೊತ್ತಿರೋದು ನಿಮಗೇ ತಾನೇ."

ರೇಜರು ಗಲ್ಲದ ಕೆಳಗೆ ತರಚಿತು. ಅವನು ನೀರು ಚಿಮುಕಿಸಿ ರಕ್ತ ಒತ್ತಿ ಹಿಡಿದ. ಅಂಗಿಯ ಜೇಬಿನಲ್ಲಿ ಕರಪತ್ರ ಇದೆಯೇ ಎಂದು ಮುಟ್ಟಿ ನೋಡಿಕೊಂಡ. ಆಸ್ಪತ್ರೆಯಲ್ಲಿ ಎರಡನೆಯ ದಿನ, ಕಾರಿಡಾರಿನಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡಿದ್ದವನೊಬ್ಬ ಮುಖ ತುಂಬ ದುಃಖ ತಂದುಕೊಂಡು ಅದನ್ನು ಕೊಟ್ಟಿದ್ದ. ಗಾಯವಾಗಿದೆಯೇ, ಪರಿಹಾರ ಬೇಕೇ, ಹಣ ಬರುವವರೆಗೆ ಶುಲ್ಕವಿಲ್ಲ ಎಂದು ಕೆಂಪಕ್ಷರದಲ್ಲಿತ್ತು. ದಪ್ಪ ಆರ್ಟ್ ಪೇಪರು, ತಮ್ಮ ಪ್ರೆಸ್ಸಿನದೇ. ಕೆಳಗಿನ ಅಂಚು ಕೂದಲೆಳೆಯಷ್ಟು ಸೊಟ್ಟಗಿತ್ತು. ಅಳುತ್ತಿದ್ದ ಹೆಂಡತಿಯ ಪಕ್ಕದಲ್ಲಿ ನಿಂತು ಅವನು ಮೊದಲು ನೋಡಿದ್ದು ಆ ಸೊಟ್ಟ. ಆಮೇಲೆ ವಿಚಾರಿಸಿದಾಗ, ಆ ಕರಪತ್ರದ ವಕೀಲ ಒಂದೇ ತಿಂಗಳಲ್ಲಿ ಎಲ್ಲವನ್ನೂ ರಾಜಿಯಲ್ಲಿ ಮುಗಿಸಿಬಿಡುತ್ತಾನೆ, ಯಾರನ್ನೂ ಕೋರ್ಟು ಕಟ್ಟೆ ಹತ್ತಿಸುವುದಿಲ್ಲ ಅಂದರು. ಅವನಿಗೆ ಬೇಕಾದದ್ದೂ ಅಷ್ಟೇ. ಮುಗಿಯಬೇಕು. ಮಿಷನ್ನಿನ ಹತ್ತಿರ ಬಂದು ಯಾರೂ ಬಗ್ಗಿ ನೋಡಬಾರದು.

ಪ್ರೆಸ್ಸಿನಲ್ಲಿ ಅವನಿಗೆ ಬ್ಲೇಡು ಎಂದೇ ಹೆಸರು. ಹದಿನಾರು ವರ್ಷದಿಂದ ಕಟಿಂಗ್ ಮಿಷನ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿದವನಲ್ಲ. ಒಂದು ರೀಮು ಕಾಗದ ನೋಡಿ ಎಷ್ಟು ಕೊಯ್ತಕ್ಕೆ ಬರುತ್ತದೆಂದು ಕಣ್ಣಳತೆಯಲ್ಲಿ ಹೇಳಬಲ್ಲ. ಆ ಮಿಷನ್ನಿನ ಮುಂದೆ, ಮೇಜಿನ ಅಂಚಿನ ಕೆಳಗೆ, ಎರಡು ಹಸಿರು ಗುಂಡಿಗಳಿವೆ, ಎಡ ತುದಿಯಲ್ಲೊಂದು, ಬಲ ತುದಿಯಲ್ಲೊಂದು. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಒತ್ತುವವನು ಎರಡೂ ಕೈ ಚಾಚಿ ನಿಲ್ಲಬೇಕು, ಅವನ ಕೈಗಳು ಬ್ಲೇಡಿನಿಂದ ದೂರವಿರಬೇಕು, ಪಕ್ಕದಲ್ಲಿ ಇನ್ನೊಬ್ಬರಿಗೆ ನಿಲ್ಲಲು ಜಾಗವೇ ಇರಬಾರದು. ಮಿಷನ್ ಮಾಡಿದವನು ತಿಳಿದೇ ಹಾಗೆ ಮಾಡಿದ್ದ. ಆದರೆ ಒಬ್ಬನೇ ಕಾಗದ ತಳ್ಳಿ, ಒಬ್ಬನೇ ಒತ್ತಿ, ಒಬ್ಬನೇ ತೆಗೆದರೆ ಕೆಲಸ ಆಮೆ ನಡಿಗೆ. ಮೂರು ವರ್ಷದ ಹಿಂದೆ, ನೋಟ್‌ಬುಕ್ಕಿನ ಸೀಸನ್ನಿನಲ್ಲಿ, ಅವನು ಕವರಿನ ಕಾಗದದ ಒಂದು ಪಟ್ಟಿ ತೆಗೆದು ಐದು ಮಡಿಕೆ ಮಡಿಸಿ ಎಡಗಡೆಯ ಗುಂಡಿಯ ಸಂದಿಗೆ ಚುಚ್ಚಿದ. ಗುಂಡಿ ಒಳಗೇ ಕೂತಿತು. ಅಲ್ಲಿಂದ ಮುಂದೆ ಬಲಗೈಯೊಂದೇ ಸಾಕಾಯಿತು. ಎಡಗಡೆ ಇನ್ನೊಬ್ಬರು ನಿಂತು ಕಟ್ಟು ತಟ್ಟಿ ಸಮ ಮಾಡಿ ತಳ್ಳುತ್ತಿದ್ದರೆ ಕೆಲಸ ಎರಡರಷ್ಟು. ನೋಡಿದ ಯಜಮಾನರು ನಕ್ಕು, "ಬ್ಲೇಡು ಸಾಹೇಬ್ರು ಎಂಜಿನಿಯರ್ ಆಗ್ಬೇಕಿತ್ತು," ಅಂದಿದ್ದರು. ಅವನು ಉಬ್ಬಿ ಹೋಗಿದ್ದ. ಆ ಎಡಗಡೆಯ ಜಾಗಕ್ಕೆ ಯಾರಾದರೂ ಬೇಕಲ್ಲ ಅಂದಾಗ, ಮನೆಯಲ್ಲಿ ನನ್ನ ನಾದಿನಿ ಇದ್ದಾಳೆ ಸಾರ್, ಕೈ ಚುರುಕು ಅಂದವನೂ ಅವನೇ. ಪ್ರತಿ ಬೆಳಿಗ್ಗೆ ಮಿಷನ್ ಒರೆಸಿ, ಹೊಸ ಪಟ್ಟಿ ತೆಗೆದು, ಐದು ಮಡಿಕೆ ಮಡಿಸಿ ಸಿಕ್ಕಿಸುವುದು ಅವನ ಅಭ್ಯಾಸವಾಯಿತು. ನಾಲ್ಕು ಮಡಿಕೆಯಾದರೆ ಮಧ್ಯಾಹ್ನದೊಳಗೆ ಸಡಿಲಾಗಿ ಬೀಳುತ್ತಿತ್ತು. ಐದಾದರೆ ಸಂಜೆಯವರೆಗೆ ಅಲುಗುತ್ತಿರಲಿಲ್ಲ.

ವಕೀಲನ ಕಚೇರಿ ಆಸ್ಪತ್ರೆಯ ಎದುರಿಗೇ ಇತ್ತು, ಔಷಧಿ ಅಂಗಡಿಗೂ ಕೃತಕ ಕಾಲಿನ ಅಂಗಡಿಗೂ ನಡುವೆ. ಗಾಜಿನ ಬಾಗಿಲು ತಳ್ಳಿದರೆ ತಣ್ಣನೆಯ ಗಾಳಿ, ಸಾಲು ಕುರ್ಚಿ, ಕುರ್ಚಿಗೊಂದು ಪ್ಲಾಸ್ಟರು. ಕುತ್ತಿಗೆಗೆ ಪಟ್ಟಿ ಹಾಕಿಕೊಂಡಿದ್ದ ಒಬ್ಬಾತ ಪಟ್ಟಿ ಬಿಚ್ಚಿ ಚೆನ್ನಾಗಿ ಕೆರೆದುಕೊಂಡು, ಒಳಗಿಂದ ಕರೆ ಬಂದೊಡನೆ ಮತ್ತೆ ಕಟ್ಟಿಕೊಂಡು ನರಳುತ್ತ ಎದ್ದ. ಇಂಥವರ ಸಾಲಿನಲ್ಲಿ ಕೂರಬೇಕಾಯಿತಲ್ಲ ಎಂದು ಅವನಿಗೆ ಅಸಹ್ಯವಾಯಿತು. ಪಕ್ಕದಲ್ಲಿ ನಾದಿನಿ ಕೈಯನ್ನು ತೊಡೆಯ ಮೇಲೆ ಎತ್ತರಕ್ಕಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಅವಳದು ನಿಜವಾದ ಗಾಯ ಎಂದು ಎಲ್ಲರಿಗೂ ಕೂಗಿ ಹೇಳಬೇಕು ಅನ್ನಿಸಿತು. ಹೇಳಿದರೆ ಯಾರು ಮಾಡಿದ್ದು ಎಂದು ಕೇಳುತ್ತಾರೆ ಎಂಬುದೂ ಜೊತೆಗೇ ಹೊಳೆಯಿತು.

ಒಳಗೆ ವಕೀಲ ಎರಡು ಫೋನುಗಳ ನಡುವೆ ಕೂತಿದ್ದ. ಸೆಂಟಿನ ವಾಸನೆ ಗಮ್ಮೆನ್ನುತ್ತಿತ್ತು. "ಯಾವ ಕೈ? ಬಲಗೈ? ಎಷ್ಟು ಬೆರಳು? ಎರಡು, ಅದೂ ತೋರು ಬೆರಳು ಸೇರಿ. ಒಳ್ಳೇದಾಯ್ತು," ಅಂದ. ಮೂವರ ಮುಖವನ್ನೂ ನೋಡಿ, "ಕೇಸಿನ ದೃಷ್ಟಿಯಿಂದ ಅಂದೆ," ಎಂದು ಸೇರಿಸಿದ. ಹೆಂಡತಿ ನೋಟ್‌ಬುಕ್ಕು ಬಿಚ್ಚಿ ಓದತೊಡಗಿದಳು. ಇಂಥ ಕೇಸು ಎಷ್ಟು? ಲೆಕ್ಕ ಇಟ್ಟಿಲ್ಲಮ್ಮ. ಫೈಲು ನೋಡುವವರು? ನಮ್ಮದೊಂದು ಟೀಮೇ ಇದೆ. ಕೋರ್ಟು? "ಕೋರ್ಟಿಗೆ ಹೋಗೋದು ಮಾತಾಡೋಕೆ ಬರದೇ ಇರೋರು. ಪ್ರೆಸ್ಸಿನೋರಿಗೆ ಒಂದು ನೋಟೀಸು, ವಿಮೆಯೋರ ಜೊತೆ ಎರಡು ಮೀಟಿಂಗು, ಕೈಗೆ ಚೆಕ್ಕು." ಹೆಂಡತಿ ಪಟ್ಟು ಬಿಡದೆ ಒಂದೊಂದನ್ನೂ ಓದಿ ಒಂದೊಂದಕ್ಕೂ ಗುರುತು ಹಾಕಿದಳು, ಆತ ಫೋನಿನ ಮೇಲೆ ಬೆರಳಾಡಿಸುತ್ತಲೇ ಉತ್ತರ ಕೊಟ್ಟ. ಹನ್ನೊಂದನೆಯದು ಮುಗಿದ ಮೇಲೆ ಅವಳು ತಂಗಿಯ ಮುಖ ನೋಡಿದಳು. ತಂಗಿ ಬೇಡವೆಂದು ತಲೆಯಾಡಿಸಿದಳು. ನೋಟ್‌ಬುಕ್ಕು ಮುಚ್ಚಿತು.

"ಹೇಗಾಯ್ತು ಇದು?" ಎಂದು ವಕೀಲ ಕೇಳಿದ್ದು ಅವನನ್ನು.

"ಬ್ಲೇಡು ತಾನಾಗೇ ಇಳೀತು ಸಾರ್. ಮಿಷನ್ ಹಳೇದು."

"ಆಯ್ತು. ಹಾಗೇ ಬರ್ಕೊಳ್ಳೋಣ."

ಅಷ್ಟೇ. ಒಂದೂವರೆ ತಿಂಗಳಿಂದ ಎದೆಯ ಮೇಲೆ ಹೊತ್ತುಕೊಂಡಿದ್ದ ಸುಳ್ಳನ್ನು ಈ ಮನುಷ್ಯ ಟೀ ಲೋಟ ತೆಗೆದುಕೊಂಡಷ್ಟು ಸಲೀಸಾಗಿ ತೆಗೆದುಕೊಂಡಿದ್ದ. ಅವನಿಗೆ ಹೋದ ಜೀವ ಬಂದಂತಾಯಿತು. ಅದರ ಬೆನ್ನಿಗೇ ಏನೋ ಕೆರಳಿತು. ತಾನಾಗೇ ಇಳಿಯುತ್ತದೆಯೇ? ಹದಿನಾರು ವರ್ಷದಲ್ಲಿ ಒಂದು ದಿನ ತಾನಾಗೇ ಇಳಿದದ್ದುಂಟೇ? ವಾರಕ್ಕೊಮ್ಮೆ ಎಣ್ಣೆ ಹಾಕಿ, ಮಗುವಿನ ಹಾಗೆ ನೋಡಿಕೊಂಡ ಮಿಷನ್ನು. ಸ್ವಲ್ಪ ತಲೆಯಿದ್ದವನಾದರೂ ಹೇಗೆ ಸಾಧ್ಯ ಎಂದು ಕೇಳಬೇಡವೇ? ತಾನು ಹೇಳಿದ ಸುಳ್ಳನ್ನು ನಂಬಿದ್ದಕ್ಕೆ ಆತನ ಮೇಲೆ ತಿರಸ್ಕಾರ ಹುಟ್ಟಿತು.

ವಕೀಲ ಒಂದು ಕಾಗದ ನಾದಿನಿಯ ಮುಂದೆ ಜಾರಿಸಿ ಮೇಲೆ ಪೆನ್ನಿಟ್ಟ. ಅವಳು ಪೆನ್ನು ಮುಟ್ಟಲಿಲ್ಲ. "ಮನೇಲಿ ಓದಿ ಹೇಳ್ತೀನಿ ಸಾರ್."

"ಓದೋದೇನಿದೆ ಇದ್ರಲ್ಲಿ. ಎಲ್ಲಾರೂ ಸುಮ್ನೆ ರುಜು ಹಾಕೋದೇ."

"ಎಲ್ಲಾರಿಗೂ ಕೈ ಇರತ್ತೆ ಸಾರ್," ಅಂದಳು. ಎದ್ದು ನಿಂತ ಮೇಲೆ, "ನೀವು ನನ್ನ ಕೈ ನೋಡಲೇ ಇಲ್ಲ," ಎಂದಳು.

"ಡಾಕ್ಟರ ಸರ್ಟಿಫಿಕೇಟು ಇದ್ಯಲ್ಲಮ್ಮ."

ಬೀದಿಗೆ ಬಂದೊಡನೆ ಅವನು ಹಾರಾಡಿದ. ಆ ಮನುಷ್ಯನಿಗೇನು ಕಡಿಮೆಯಾಗಿತ್ತು, ನೂರಾರು ಜನ ಬರುತ್ತಾರೆ, ಸುಮ್ಮನೆ ಬರುತ್ತಾರೆಯೇ, ನಿನಗೆ ಎಲ್ಲರಲ್ಲೂ ಐಬು ಹುಡುಕುವ ಚಟ. ಇವಳಿಗೆ ಮೊದಲಿಂದಲೂ ಇದ್ದದ್ದೇ ಈ ಚಟ. ಕೈ ಹೋದ ಆ ದಿನವೂ ಹಾಗೇ. ಊಟ ಮುಗಿದು ಮತ್ತೆ ಮಿಷನ್ ಶುರು ಮಾಡಿದ ಹೊತ್ತು. ಯಜಮಾನರು ದೊಡ್ಡ ಗಿರಾಕಿಯೊಬ್ಬರನ್ನು ಕರೆದುಕೊಂಡು ಬಂದು, ನಮ್ಮ ಬ್ಲೇಡಿನ ಕೊಯ್ತ ನೋಡಿ ಸಾರ್, ಬೆಣ್ಣೆ, ಎಂದು ತೋರಿಸುತ್ತಿದ್ದರು. ಆಗ ಇವಳು ಒಂದು ಕಟ್ಟು ಎತ್ತಿ ಬೆಳಕಿಗೆ ಹಿಡಿದು, "ಭಾವ, ಇದು ಸೊಟ್ಟ ಹೋಗಿದೆ ನೋಡಿ," ಅಂದಳು. ಅಂದದ್ದು ಮೆಲ್ಲಗೇ, ಆದರೆ ಗಿರಾಕಿಗೆ ಕೇಳಿಸಿತು. ಯಜಮಾನರು, "ಬ್ಲೇಡು ಮೊಂಡಾಯ್ತೇನೋ," ಎಂದು ನಕ್ಕರು, ಗಿರಾಕಿಯೂ ನಕ್ಕ. ಅವರು ಹೋದರು. ಅವನು ಮುಂದಿನ ಕಟ್ಟಿಗೆ ಅವಳ ಕಡೆ ನೋಡಲಿಲ್ಲ. ಅವಳು ಕಟ್ಟು ತಳ್ಳಿದ್ದು ಕಣ್ಣಂಚಿಗೆ ತಿಳಿಯಿತು. ತಳ್ಳಿ ಕೈ ತೆಗೆದಳೋ ಇಲ್ಲವೋ ನೋಡಲಿಲ್ಲ. ನೋಡಲಿಲ್ಲ ಎಂಬುದು ನಿಜ. ಅವಳ ಮುಖ ನೋಡಬಾರದೆಂದೇ ನೋಡಲಿಲ್ಲ ಎಂಬುದೂ ನಿಜ. ಒಂದು ಹಾಳೆ ಹೊರಗೆ ಚಾಚಿಕೊಂಡಿತ್ತಂತೆ, ಅದನ್ನು ಒಳಗೆ ತಳ್ಳಲು ಅವಳು ಮತ್ತೆ ಕೈ ಹಾಕಿದ್ದಳು. ಕೊಯ್ತ ಸೊಟ್ಟ ಹೋಗದಿರಲಿ ಎಂದು. ಅವನು ಬಲಗೈಯಿಂದ ಒತ್ತಿದ.

"ಏನೂ ಕೇಳ್ಲಿಲ್ಲ ಅವರು," ಎಂದಳು ನಾದಿನಿ ಬಸ್‌ಸ್ಟಾಪಿನಲ್ಲಿ.

"ಕೇಳಿದನಲ್ಲ, ಹೇಗಾಯ್ತು ಅಂತ."

"ನಿಮ್ಮನ್ನ ಕೇಳಿದ್ರು ಭಾವ."

ಹೆಂಡತಿ ರಸ್ತೆಯ ಆಚೆ ಏನನ್ನೋ ನೋಡುತ್ತಿದ್ದಳು. ಡ್ರೆಸ್ಸಿಂಗ್ ಮಾಡುವ ನರ್ಸು ಇನ್ನೊಬ್ಬ ವಕೀಲೆಯ ವಿಳಾಸ ಬರೆದುಕೊಟ್ಟಿದ್ದಾಳೆ, ಅವರನ್ನೂ ನೋಡಿಯೇ ಹೋಗೋಣ ಎಂದಳು. ತೀರ್ಮಾನ ಯಾವಾಗಲೋ ಆಗಿಹೋಗಿತ್ತು, ಅವನಿಗೆ ಈಗ ಹೇಳುತ್ತಿದ್ದರು ಅಷ್ಟೇ.

ಬಸ್ಸಿನಲ್ಲಿ ಒಬ್ಬ ಮುದುಕಿ ಕೈ ನೋಡಿ ಸರಿದು ಜಾಗ ಕೊಟ್ಟಳು. "ಏನಾಯ್ತು ತಾಯಿ?" ಎಂದು ಕೇಳಿದಳು. ಅವನು ಹಿಂದಿನ ಸೀಟಿನಲ್ಲಿ ಕಿವಿಯಾಗಿ ಕೂತ. "ಮಿಷನ್ನಿಗೆ ಸಿಕ್ತು ಅಜ್ಜಿ. ಬ್ಲೇಡು ತಾನಾಗೇ ಇಳೀತಂತೆ," ಎಂದಳು ನಾದಿನಿ. ಕೈ ಇವಳದು, ಕೂಗಿದವಳು ಇವಳು, ಅಂತೆ ಅಂದರೇನು? ಕೂಗು ಕೇಳಿದ ಆ ಕ್ಷಣದಲ್ಲಿ ಅವನು ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಮೊದಲು ಬಗ್ಗಿ ಎಡಗಡೆಯ ಗುಂಡಿಯಿಂದ ಮಡಿಕೆ ಕಿತ್ತು ಜೇಬಿಗೆ ಹಾಕಿಕೊಂಡಿದ್ದ. ಆಮೇಲೆ ಅವಳ ಕಡೆ ತಿರುಗಿದ್ದ. ನಡುವೆ ಎಷ್ಟು ಹೊತ್ತಾಗಿರಬೇಕು? ಎರಡು ಉಸಿರು. ಅವಳ ಕಣ್ಣು ಮುಚ್ಚಿತ್ತು. ಮುಚ್ಚಿತ್ತು ಎಂದು ಅವನು ದಿನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅಂದು ಸಂಜೆ ಯಜಮಾನರು ಆಸ್ಪತ್ರೆಯ ಗೇಟಿನ ಹತ್ತಿರ ಅವನ ಹೆಗಲ ಮೇಲೆ ಕೈ ಹಾಕಿ, "ಬಟನ್ ವಿಷಯ ಯಾಕೆ ಎತ್ತೋದು ಹೇಳು. ಎತ್ತಿದ್ರೆ ಒತ್ತಿದೋನು ನೀನೇ ತಾನೇ. ನಂಗೇನು ಗೊತ್ತು, ನಾನು ಆಫೀಸಲ್ಲಿರೋನು," ಎಂದಿದ್ದರು. ವಾರ ಬಿಟ್ಟು ವಿಮಾ ಕಂಪನಿಯವನು ಬಂದು ಮಿಷನ್ನನ್ನು ಇಪ್ಪತ್ತು ಸಲ ಇಳಿಸಿ ಹತ್ತಿಸಿ ನೋಡಿದ. ಎರಡೂ ಗುಂಡಿ ಒತ್ತಿದಾಗಲೆಲ್ಲ ಬ್ಲೇಡು ಇಳಿಯಿತು, ಒಂದನ್ನೇ ಒತ್ತಿದರೆ ಇಳಿಯಲಿಲ್ಲ. ಅದಾದ ಮೇಲೆ ಯಜಮಾನರು ಒಂದು ಟೈಪು ಮಾಡಿದ ಕಾಗದ ಕೊಟ್ಟರು: ನನ್ನ ಅಜಾಗರೂಕತೆಯಿಂದ ಗಾಯವಾಗಿದೆ, ಆಸ್ಪತ್ರೆಯ ಖರ್ಚು ಪಡೆದಿದ್ದೇನೆ, ಮುಂದೆ ಯಾವ ಹಕ್ಕೂ ಕೇಳುವುದಿಲ್ಲ. ಮನೆಯಲ್ಲಿ ಕೊಟ್ಟು ರುಜು ಹಾಕಿಸಿಕೊಂಡು ಬಾ ಅಂದರು. ಅವನು ಕೊಟ್ಟಿದ್ದ, ತಲೆ ಎತ್ತದೆ. ನಾದಿನಿ ಓದಿ, "ಎಡಗೈ ರುಜು ಬ್ಯಾಂಕಿನೋರೂ ಒಪ್ಪಲ್ಲ ಭಾವ," ಎಂದು ಮಡಿಸಿ ವಾಪಸು ಕೊಟ್ಟಿದ್ದಳು. ಮೂರು ವಾರದಿಂದ ಅದು ಅವನ ಚೀಲದಲ್ಲೇ ಇತ್ತು.

ವಕೀಲೆಯ ಕಚೇರಿ ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ. ಮೆಟ್ಟಿಲು ಕಡಿದಾಗಿತ್ತು, ಹಿಡಿದು ಹತ್ತುವ ಕಂಬಿ ಬಲಗಡೆಗೆ ಮಾತ್ರ. ನಾದಿನಿ ಕೆಳಗಿನ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತಳು. ಹಿಂದೆ ಇದ್ದವನು ಅವನೇ, ಕೈ ಕೊಡಬಹುದಿತ್ತು. ಹೆಂಡತಿ ಮುಂದಿನಿಂದ ಇಳಿದು ಬಂದು ತಂಗಿಯ ತೋಳು ಹಿಡಿದಳು. ಮೇಲೆ ಒಂದೇ ಕೋಣೆ, ಒಂದೇ ಮೇಜು, ಫ್ಯಾನು ತಿರುಗುವಾಗ ಹಾರುವ ಕಾಗದಗಳ ಮೇಲೆ ಸೈಕಲ್ಲಿನ ಪೆಡಲೊಂದನ್ನು ಭಾರಕ್ಕಿಟ್ಟಿದ್ದರು. ಐವತ್ತು ದಾಟಿದ, ದಪ್ಪ ಕನ್ನಡಕದ ಹೆಂಗಸು. ಇಂಥವಳು ಯಜಮಾನರ ಮುಂದೆ ಏನು ನಿಂತಾಳು ಎಂದು ಅವನಿಗೆ ಸಮಾಧಾನವಾಯಿತು.

"ಮೊದಲು ಕೈ ನೋಡಬಹುದಾ?" ಎಂದು ಆಕೆ ಕೇಳಿದಳು.

ನಾದಿನಿ ಪಟ್ಟಿ ಬಿಚ್ಚತೊಡಗಿದಳು. ಅವನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. ಬ್ಯಾಂಡೇಜಿಲ್ಲದ ಆ ಕೈಯನ್ನು ಅವನು ಇನ್ನೂ ನೋಡಿರಲಿಲ್ಲ. ಡ್ರೆಸ್ಸಿಂಗಿನ ದಿನವೆಲ್ಲ ಏನಾದರೊಂದು ನೆಪ ಹೇಳಿ ಹೊರಗಿರುತ್ತಿದ್ದ. ತಾರೀಖುಗಳನ್ನು ಒಂದರಿಂದ ಓದಿದ. ಹದಿನೇಳಕ್ಕೆ ಬಂದಾಗ ವಕೀಲೆ, "ನೋವಿದೆಯಾ ಈಗ?" ಎಂದಳು. "ಇಲ್ಲದೇ ಇರೋ ಬೆರಳು ನೋಯತ್ತೆ ಮೇಡಂ," ಎಂದಳು ನಾದಿನಿ. ಅವನು ಮೂವತ್ತರವರೆಗೂ ಓದಿ ಮತ್ತೆ ಒಂದರಿಂದ ಶುರು ಮಾಡಿದ.

ಹೆಂಡತಿ ನೋಟ್‌ಬುಕ್ಕು ತೆಗೆದಳು. ವಕೀಲೆ ಮೊದಲನೆಯ ಪ್ರಶ್ನೆಗೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಕಾರ್ಖಾನೆ ಮಿಷನ್ನಿನ ಕೇಸು ಅಂದ್ರೆ ಹನ್ನೆರಡು. ಏಳು ಗೆದ್ದೆ. ಮೂರು ರಾಜಿ. ಎರಡು ಸೋತೆ. ಆ ಎರಡೂ ಯಾಕೆ ಸೋತೆ ಅಂದ್ರೆ, ನನ್ನ ಕಡೆಯೋರೇ ನನ್ನ ಹತ್ರ ಸುಳ್ಳು ಹೇಳಿದ್ರು. ಎದುರಿನೋರಿಗೆ ಅದು ನನಗಿಂತ ಮೊದಲೇ ಗೊತ್ತಿತ್ತು." ಫೈಲು ತಾನೇ ನೋಡುವುದಾಗಿಯೂ, ವರ್ಷಗಟ್ಟಲೆ ಹಿಡಿಯಬಹುದೆಂದೂ, ಗೆದ್ದೇ ಗೆಲ್ಲುತ್ತೇವೆ ಎನ್ನುವ ವಕೀಲರನ್ನು ನಂಬಬಾರದೆಂದೂ ಹೇಳಿದಳು. ಕೈಗೆ ಎಷ್ಟು ಕೆಲಸ ಹೋಗಿದೆ ಎಂದು ಡಾಕ್ಟರಿಂದ ಬರೆಸಿಕೊಳ್ಳಬೇಕು, ಪ್ರೆಸ್ಸಿನವರು ಕೊಡುವ ಯಾವ ಕಾಗದಕ್ಕೂ ರುಜು ಹಾಕಬಾರದು ಎಂದಳು. ಚೀಲದಲ್ಲಿದ್ದ ಕಾಗದ ಅವನ ತೊಡೆಯನ್ನು ಒತ್ತಿತು. ಹನ್ನೊಂದೂ ಪ್ರಶ್ನೆ ಮುಗಿದ ಮೇಲೆ ಹೆಂಡತಿ ಈ ಸಲವೂ ತಂಗಿಯನ್ನು ನೋಡಿದಳು. ತಂಗಿ, "ಆಮೇಲೆ," ಅಂದಳು.

ವಕೀಲೆ ಬಿಳಿ ಹಾಳೆಯೊಂದರ ಮೇಲೆ ಉದ್ದನೆಯ ಚೌಕ ಬರೆದಳು. "ಮಿಷನ್ ಹೇಗಿದೆ ಹೇಳಿ. ನನಗೆ ಏನೂ ಗೊತ್ತಿಲ್ಲ ಅಂದ್ಕೊಂಡು ಹೇಳಿ."

ಅವನಿಗೆ ಬೇಡವೆಂದರೂ ಮಾತು ಬಂತು. ಯಾರೂ ಇದುವರೆಗೆ ಕೇಳಿರಲಿಲ್ಲ. ಕಾಗದ ಹಿಡಿಯುವ ಒತ್ತುಪಟ್ಟಿ ಎಲ್ಲಿ, ಬ್ಲೇಡು ಎಲ್ಲಿ, ಹಿಂದಿನ ಅಳತೆಗೋಲು ಎಲ್ಲಿ, ಎಲ್ಲ ಹೇಳಿದ. ಒತ್ತುವ ಗುಂಡಿ ಎಷ್ಟು ಎಂದಾಗ ಎರಡು ಎಂದ. ಎಷ್ಟು ದೂರ ಎಂದಾಗ ಎರಡೂ ತೋಳು ಚಾಚಿ ತೋರಿಸಿದ. ಚಾಚಿದ ಮೇಲೆ ಥಟ್ಟನೆ ತೋಳು ಇಳಿಸಿದ. ಆಕೆ ಚೌಕದ ಎರಡು ತುದಿಗೆ ಎರಡು ಸೊನ್ನೆ ಬರೆದಳು.

"ಬ್ಲೇಡು ತಾನಾಗೇ ಇಳೀತು ಅಂತೀರಿ. ವಿಮೆಯೋರು ಬಂದು ನೋಡಿ, ಸರಿಯಾಗಿದೆ ಅಂದ್ರಾ?"

"ಅವರಿಗೇನು ಗೊತ್ತು."

"ಅವರು ಬರ್ಕೊಂಡು ಹೋಗಿರ್ತಾರೆ. ನಾಳೆ ಅದನ್ನ ಕೋರ್ಟಿನ ಮುಂದಿಟ್ಟು, ಮಿಷನ್ ಸರಿ ಇತ್ತು, ಈ ಹೆಣ್ಣುಮಗಳೇ ಸುಳ್ಳಿ ಅಂತಾರೆ. ಆಗ ಕೈ ಹೋಗಿದ್ದೂ ಇವರದ್ದೇ, ತಪ್ಪೂ ಇವರದ್ದೇ ಆಗತ್ತೆ." ಆಕೆ ಪೆನ್ನನ್ನು ನಾದಿನಿಯ ಎಡಗೈಗೆ ಕೊಟ್ಟಳು. "ನೀವು ಎಲ್ಲಿ ನಿಂತಿದ್ರಿ? ಒಂದು ಗುರುತು ಹಾಕಿ."

ನಾದಿನಿ ಬಗ್ಗಿ, ನಾಲಿಗೆ ಕಚ್ಚಿಕೊಂಡು, ನಡುಗುವ ಎರಡು ಗೆರೆ ಎಳೆದು ಕತ್ತರಿ ಗುರುತು ಹಾಕಿದಳು. ಅದು ಎಡಗಡೆಯ ಸೊನ್ನೆಯ ಮೇಲೇ ಬಿತ್ತು.

ವಕೀಲೆ ಅದನ್ನು ನೋಡುತ್ತ ಕೂತಳು. ಕೆಳಗಿನ ಅಂಗಡಿಯಲ್ಲಿ ಯಾರೋ ಚಕ್ರವೊಂದನ್ನು ತಿರುಗಿಸಿ ಬಿಟ್ಟರು, ಅದು ಕಟಕಟ ತಿರುಗಿ ನಿಂತಿತು. "ಬೆಳಿಗ್ಗೆಯಿಂದ ಇಲ್ಲೇ ನಿಂತು ಕೆಲಸ ಮಾಡ್ತಿದ್ರಾ?"

"ಮೂರು ವರ್ಷದಿಂದ ಮೇಡಂ."

"ಇಲ್ಲಿ ನೀವು ನಿಂತಿದ್ರೆ," ಎಂದು ಆಕೆ ಅವನ ಕಡೆ ತಿರುಗಿದಳು, "ಈ ಬಟನ್ ಯಾರು ಒತ್ತುತ್ತಿದ್ರು?"

"ನೀವು ವಕೀಲರೋ ಪೊಲೀಸರೋ?" ಎಂದ ಅವನು. ದನಿ ತನ್ನದಲ್ಲದ ಹಾಗೆ ಏರಿತ್ತು. "ಆಗಲೇ ಒಬ್ಬರ ಹತ್ರ ಹೋಗಿ ಬಂದ್ವಿ. ಅವರು ಇದನ್ನೆಲ್ಲ ಕೇಳ್ಲಿಲ್ಲ. ಕೈ ಹೋಗಿರೋದು ಕಣ್ಣಿಗೆ ಕಾಣ್ಸಲ್ವಾ? ನೊಂದೋರನ್ನ ಕೂರಿಸ್ಕೊಂಡು ಹೀಗೆ ಕೆದಕೋದು ಒಂದು ಕಸುಬಾ? ಏಳಿ, ಹೋಗೋಣ." ಯಾರೂ ಏಳಲಿಲ್ಲ. ಹೆಂಡತಿಯ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅವನೂ ಏಳಲಿಲ್ಲ. ಆ ವಕೀಲನೇ ಸರಿ, ಅವನ ನಂಬರಿಗೆ ಈಗಲೇ ಫೋನು ಮಾಡುತ್ತೇನೆ ಎಂದುಕೊಂಡು ಜೇಬಿನಿಂದ ಕರಪತ್ರ ತೆಗೆದ. ತೆಗೆದವನು ಅದನ್ನು ಓದಲಿಲ್ಲ. ವಕೀಲೆ ಕಾಯುತ್ತಿದ್ದಳು, ಅವನು ಹಾಳೆಯ ಮೇಲಿನ ಸೊನ್ನೆಯನ್ನು ನೋಡುತ್ತಿದ್ದ, ಕೈಗಳು ತಮ್ಮ ಪಾಡಿಗೆ ಕರಪತ್ರದಿಂದ ಉದ್ದಕ್ಕೆ ಒಂದು ಪಟ್ಟಿ ಹರಿದು ತೆಗೆದು, ಉಗುರಿನಿಂದ ಗೀರಿ ಗೀರಿ ಮಡಿಸುತ್ತಿದ್ದವು. ಒಂದು. ಎರಡು. ಮೂರು. ನಾಲ್ಕು.

"ಇನ್ನೊಂದು ಮಡಿಕೆ ಬೇಕು ಭಾವ," ಎಂದಳು ನಾದಿನಿ. "ನಾಲ್ಕಕ್ಕೆ ಅದು ನಿಲ್ಲಲ್ಲ."

ಅವನು ಕೆಳಗೆ ನೋಡಿದ. ಬೆರಳುಗಳ ನಡುವೆ ಅದು ಇತ್ತು. ಹಾಗೇ, ಅಷ್ಟೇ ಅಗಲ.

"ನಾನು ಕಣ್ಣು ಮುಚ್ಚಿರ್ಲಿಲ್ಲ," ಎಂದಳು ಅವಳು. ದನಿಯಲ್ಲಿ ಅಳುವಿರಲಿಲ್ಲ, ಕೋಪ ಮಾತ್ರ ಇತ್ತು, ಬಹಳ ದಿನ ಕೂಡಿಟ್ಟದ್ದು. "ನೀವು ಮೊದಲು ಬಗ್ಗಿ ಅದನ್ನ ಕಿತ್ತು ಜೇಬಿಗೆ ಹಾಕ್ಕೊಂಡ್ರಿ. ಆಮೇಲೆ ನನ್ನ ಕೈ ಹಿಡ್ಕೊಂಡ್ರಿ. ಒತ್ತಿದ್ದಕ್ಕೆ ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ ಭಾವ. ಅದು ಆಗೋದು, ಆಯ್ತು. ಇದಕ್ಕೆ ಇದೆ. ದಿನಾ ಊಟಕ್ಕೆ ಕೂತಾಗ ಅಂದ್ಕೊಂಡೆ, ಇವತ್ತು ಹೇಳ್ತಾರೆ ಅಂತ."

ಅವನು ಪಟ್ಟಿಯನ್ನು ಇನ್ನೊಮ್ಮೆ ಮಡಿಸಿ, ಉಗುರಿನಿಂದ ಗೀರಿ, ಹಾಳೆಯ ಎಡಗಡೆಯ ಸೊನ್ನೆಯ ಮೇಲಿಟ್ಟ. ಆಮೇಲೆ ಚೀಲದಿಂದ ಯಜಮಾನರ ಕಾಗದವನ್ನೂ ತೆಗೆದು ಪಕ್ಕದಲ್ಲಿಟ್ಟ. ಆಗ ಮಾತ್ರ ಮೇಜಿನ ಮೇಲಿದ್ದ ಕೈ ಕಂಡಿತು, ಬ್ಯಾಂಡೇಜಿಲ್ಲದ ಕೈ. ಎರಡು ಬೆರಳು ನಡುವಿಗೇ ಮುಗಿದಿದ್ದವು. ಕೊಯ್ತ ನೇರವಾಗಿತ್ತು.

"ಯಜಮಾನ್ರಿಗೆ ಗೊತ್ತಿತ್ತು ಮೇಡಂ," ಎಂದ. "ನಕ್ಕಿದ್ರು."

ವಕೀಲೆ ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು. "ಇನ್ನು ಮುಂದಿನದು ನೀವು ನನ್ನ ಹತ್ರ ಹೇಳಬೇಡಿ. ಇವರ ಕೇಸು ನಾನು ತಗೋತೀನಿ. ತಗೊಂಡ್ರೆ ನೀವು ಇಲ್ಲಿ ಮನೆಯೋರಲ್ಲ, ಸಾಕ್ಷಿ. ಪ್ರೆಸ್ಸಿನೋರು ಎಲ್ಲಾನೂ ನಿಮ್ಮ ತಲೆಗೇ ಕಟ್ತಾರೆ. ನಿಮಗೆ ನಿಮ್ಮದೇ ವಕೀಲರು ಬೇಕು, ಅದು ನಾನಾಗೋಕೆ ಬರಲ್ಲ. ಹೊರಗೆ ಬೆಂಚಿದೆ, ಕೂತಿರಿ."

ಅವನು ಎದ್ದ. ಹೆಂಡತಿ ನೋಟ್‌ಬುಕ್ಕಿನ ಮೊದಲ ಹಾಳೆಯನ್ನು ಹಿಡಿದು ಸರ್ರನೆ ಹರಿದು ಅವನ ಕಡೆ ಚಾಚಿದಳು. "ತಗೊಳ್ಳಿ. ಇನ್ನು ನೀವೇ ಕೇಳ್ಕೋಬೇಕಲ್ಲ," ಅಂದಳು, ಅವನ ಮುಖ ನೋಡದೆ.

ಬೆಂಚು ಮೆಟ್ಟಿಲ ತಲೆಯಲ್ಲಿತ್ತು. ಬಾಗಿಲು ಮುಚ್ಚಿಕೊಂಡಿತು. ಒಳಗೆ ನಾದಿನಿ ಮೊದಲಿಂದ ಹೇಳತೊಡಗಿದ್ದಳು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ಅವನು ಹಾಳೆ ತೊಡೆಯ ಮೇಲಿಟ್ಟುಕೊಂಡು ಓದಿದ. ಇಂಥ ಕೇಸು ಎಷ್ಟು ನಡೆಸಿದ್ದೀರಿ? ಯಾವುದು ಇಂಥ ಕೇಸು, ವಕೀಲರಿಗೆ ತಾನು ಏನೆಂದು ಹೇಳಬೇಕು? ಹೆಂಡತಿಯ ಗುಂಡಗಿನ ಅಕ್ಷರದಲ್ಲಿ ಒಂದರ ಕೆಳಗೊಂದು ಹನ್ನೊಂದು. ಅದರ ಕೆಳಗೆ ಹನ್ನೆರಡನೆಯದೊಂದಿತ್ತು. ಅದು ಅವಳ ಅಕ್ಷರವಲ್ಲ. ಗೆರೆಯಿಂದ ಮೇಲೂ ಕೆಳಗೂ ಬಿದ್ದು, ಒಂದೊಂದು ಅಕ್ಷರವೂ ಒಂದೊಂದು ಕಡೆ ವಾಲಿ, ಎಡಗೈಯಲ್ಲಿ ಬರೆದದ್ದು. ಅರ್ಧ ಪುಟ ಹಿಡಿದಿತ್ತು. ಓದಲು ಅವನಿಗೆ ಹೊತ್ತು ಹಿಡಿಯಿತು.

ತಪ್ಪು ಮನೆಯವರದೇ ಆಗಿದ್ದರೆ, ಅವರಿಗೆ ತೊಂದರೆ ಆಗದ ಹಾಗೆ ಕೇಸು ಹಾಕಲು ಬರುತ್ತದೆಯೇ?